ಡಬ್ಬಿಯ ಸೂಪ್, ಅಮ್ಮನ ಕೈರುಚಿ

ನಮ್ಮ ಮನೆಗಳಲ್ಲಿ ಕ್ಯಾಸರೋಲ್ ಎಂದರೆ ಚಪಾತಿಯನ್ನು ಬಿಸಿಯಾಗಿಡುವ ಪ್ಲಾಸ್ಟಿಕ್ ಡಬ್ಬಿ. ಮದುವೆಯಲ್ಲಿ ಉಡುಗೊರೆಯಾಗಿ ಒಂದಲ್ಲ, ಮೂರು ಬರುತ್ತವೆ. ಎರಡು ಅಟ್ಟ ಸೇರುತ್ತವೆ. ಹಾಗಾಗಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿರುವ ನನ್ನ ಅಕ್ಕನ ಮಗಳು ಒಂದು ದಿನ ಫೋನಿನಲ್ಲಿ, "ಪಕ್ಕದ ಮನೆಯ ಅಜ್ಜಿ ನಮಗಾಗಿ ಕ್ಯಾಸರೋಲ್ ಮಾಡುತ್ತಾರಂತೆ ಮಾಮಾ, ಏನು ಹೇಳಲಿ?" ಎಂದಾಗ ನನಗೆ ತಲೆಬುಡ ಅರ್ಥವಾಗಲಿಲ್ಲ. ಡಬ್ಬಿಯನ್ನು ಮನೆಯಲ್ಲಿ ಹೇಗೆ ಮಾಡುತ್ತಾರೆ?

ಆ ಅಜ್ಜಿಗೆ ಎಂಬತ್ತು ದಾಟಿದೆ. ಸ್ವೀಡನ್ನಿನಿಂದ ವಲಸೆ ಬಂದು ಅಲ್ಲಿ ಬೇಸಾಯ ಮಾಡಿಕೊಂಡಿದ್ದವರ ವಂಶ. ನನ್ನ ಅಕ್ಕನ ಮಗಳಿಗೆ ಆಗಷ್ಟೇ ಎರಡನೆಯ ಹೆರಿಗೆಯಾಗಿತ್ತು. ಬಾಣಂತಿಯ ಮನೆಗೆ, ಸಾವಿನ ಮನೆಗೆ, ಊರಿಗೆ ಹೊಸದಾಗಿ ಬಂದವರ ಮನೆಗೆ ಇಂಥದ್ದೊಂದು ಅಡುಗೆಯನ್ನು ಪಾತ್ರೆ ಸಮೇತ ಕೊಂಡೊಯ್ದು ಕೊಡುವುದು ಆ ಭಾಗದ ವಾಡಿಕೆ. ತಮ್ಮ ತಾಯಿ ಮಾಡುತ್ತಿದ್ದುದನ್ನೇ ಮಾಡಿಕೊಡಬೇಕೆಂದು ಅಜ್ಜಿಯ ಆಸೆ. ಈ ಮನೆಯವರ ನಾಲಗೆಗಳಾದರೋ ಒಂದೊಂದು ಒಂದೊಂದು ದಿಕ್ಕಿಗೆ. ಹಲಾಲ್ ಅಲ್ಲದ ಮಾಂಸ ಬೇಡ ಎಂಬುದು ಎಲ್ಲರ ಮಾತು. ಅದರಾಚೆಗೆ ಅಳಿಯನಿಗೆ ಚೀಸಿನ ವಾಸನೆ ಆಗದು. ಏಳು ವರ್ಷದ ಹುಡುಗ ಅಣಬೆ ಕಂಡರೆ ತಟ್ಟೆಯನ್ನೇ ದೂಡುತ್ತಾನೆ. ಈರುಳ್ಳಿ ಕಣ್ಣಿಗೆ ಬೀಳದಿದ್ದರಷ್ಟೇ ತಿನ್ನುತ್ತಾನೆ. ಅಜ್ಜಿ ಒಂದು ಕಾಗದ ಪೆನ್ನು ಹಿಡಿದುಕೊಂಡು ಬಂದು, "ನೀವು ಏನೇನು ತಿನ್ನುವುದಿಲ್ಲ, ಹೇಳಿ" ಎಂದು ಕೇಳಿದ್ದರಂತೆ. ಪಟ್ಟಿ ಮುಗಿಯುವಷ್ಟರಲ್ಲಿ ಕಾಗದದ ಒಂದು ಮಗ್ಗುಲು ತುಂಬಿತ್ತು.

ಈ ಸಣ್ಣ ಸಂಗತಿಯ ಬೆನ್ನು ಹತ್ತಿ ಕ್ಯಾಸರೋಲಿನ ಚರಿತ್ರೆಯನ್ನು ಓದಲು ಕುಳಿತೆ. ಒಂದು ದೇಶ ತನ್ನ ತಾಯಂದಿರ ಕೈರುಚಿ ಎಂದು ಯಾವುದನ್ನು ನೆನಪಿಸಿಕೊಳ್ಳುತ್ತದೆ, ಆ ನೆನಪು ಎಲ್ಲಿಂದ ಬಂತು ಎಂಬುದು ಅಲ್ಲಿ ವಿಚಿತ್ರವಾಗಿ ತೆರೆದುಕೊಂಡಿತು.

ಕ್ಯಾಸರೋಲ್ ಮೂಲತಃ ಫ್ರೆಂಚ್ ಶಬ್ದ. ಹಿಡಿಯಿರುವ ಅಡುಗೆಪಾತ್ರೆ ಎಂದರ್ಥ. ಹಂಡಿ, ಕಡಾಯಿ ಎಂಬ ಪಾತ್ರೆಗಳ ಹೆಸರು ನಮ್ಮ ಹೋಟೆಲುಗಳಲ್ಲಿ ಅಡುಗೆಯ ಹೆಸರೇ ಆದಂತೆ ಅಲ್ಲಿಯೂ ಆಯಿತು. ಭಾರತಕ್ಕೆ ಬಂದಾಗ ಆ ಹೆಸರು ಮತ್ತೆ ಪಾತ್ರೆಗೇ ಅಂಟಿಕೊಂಡಿತು. ಅಮೆರಿಕದ ಕ್ಯಾಸರೋಲ್ ಹೀಗಿರುತ್ತದೆ: ಅಗಲವಾದ ಪಾತ್ರೆಯಲ್ಲಿ ಒಂದಿಷ್ಟು ಖೀಮಾ, ಕೋಳಿ ಅಥವಾ ಡಬ್ಬಿಯ ಟ್ಯೂನಾ ಮೀನು, ಜೊತೆಗೆ ನೂಡಲ್ಸ್, ಅನ್ನ ಅಥವಾ ಆಲೂಗಡ್ಡೆ, ಒಂದೆರಡು ಬಗೆಯ ತರಕಾರಿ, ಇವೆಲ್ಲವನ್ನೂ ಅಂಟಿಸಲು ಬೆಳ್ಳಗಿನ ಗಟ್ಟಿ ಸಾಸು, ಮೇಲೆ ಗರಿಗರಿಯಾಗುವ ಯಾವುದಾದರೂ ಒಂದು ಪದರ. ಓವನ್ನಿನಲ್ಲಿಟ್ಟು ಬೇಯಿಸಿ, ಅದೇ ಪಾತ್ರೆಯನ್ನು ಮೇಜಿಗೆ ತಂದಿಡುವುದು. ಬಡಿಸುವ ಪಾತ್ರೆ ಬೇರೆ ಬೇಕಿಲ್ಲ.

ಈ ಪಾತ್ರೆಯದೇ ಒಂದು ಕಥೆಯಿದೆ. ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಗಾಜಿನ ಕಾರ್ಖಾನೆಯಲ್ಲಿ ಜೆಸ್ಸಿ ಲಿಟಲ್‌ಟನ್ ಎಂಬ ಭೌತವಿಜ್ಞಾನಿ ಕೆಲಸ ಮಾಡುತ್ತಿದ್ದರು. ಅವರ ಪತ್ನಿ ಬೆಸ್ಸಿ ಹೊಸದಾಗಿ ಕೊಂಡ ಮಣ್ಣಿನ ಕ್ಯಾಸರೋಲ್ ಪಾತ್ರೆ ಓವನ್ನಿನಲ್ಲಿ ಬಿರುಕು ಬಿಟ್ಟಿತು. ನಿಮ್ಮ ಕಾರ್ಖಾನೆಯ ಗಾಜು ಅಷ್ಟು ಗಟ್ಟಿಯಾದರೆ ಅದನ್ನೇ ತನ್ನಿ ಎಂದು ಆಕೆ ಗಂಡನಿಗೆ ಹೇಳಿದಳು. ಆತ ಬ್ಯಾಟರಿ ಜಾಡಿಯ ತಳವನ್ನು ಕತ್ತರಿಸಿ ತಂದುಕೊಟ್ಟ. 1913ರಲ್ಲಿ ಆಕೆ ಅದರಲ್ಲಿ ಕೇಕ್ ಬೇಯಿಸಿದಳು. ಗಾಜು ಒಡೆಯಲಿಲ್ಲ, ಕೇಕ್ ಅಂಟಲೂ ಇಲ್ಲ. ಎರಡು ವರ್ಷಗಳ ನಂತರ, 1915ರಲ್ಲಿ, ಪೈರೆಕ್ಸ್ ಎಂಬ ಹೆಸರಿನಲ್ಲಿ ಆ ಗಾಜಿನ ಪಾತ್ರೆಗಳು ಮಾರಾಟಕ್ಕೆ ಬಂದವು. ವಿಜ್ಞಾನದ ಚರಿತ್ರೆಯಲ್ಲಿ ಗಂಡನ ಹೆಸರು ಮೊದಲು ಬರುತ್ತದೆ. ಪ್ರಯೋಗ ನಡೆದದ್ದು ಹೆಂಡತಿಯ ಒಲೆಯ ಮೇಲೆ.

ಇನ್ನು ಸೂಪಿನ ವಿಷಯ. 1897ರಲ್ಲಿ ಜಾನ್ ಡಾರೆನ್ಸ್ ಎಂಬ ತರುಣ, ಜರ್ಮನಿಯಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದು ಬಂದು, ತನ್ನ ಚಿಕ್ಕಪ್ಪ ನಡೆಸುತ್ತಿದ್ದ ಕಂಪೆನಿಗೆ ವಾರಕ್ಕೆ ಏಳೂವರೆ ಡಾಲರ್ ಸಂಬಳಕ್ಕೆ ಸೇರಿದ. ಮುಂದೆ ಕ್ಯಾಂಪ್‌ಬೆಲ್ ಸೂಪ್ ಎಂದು ಜಗತ್ತಿಗೇ ಪರಿಚಿತವಾದ ಕಂಪೆನಿ ಅದು. ಸೂಪಿನಲ್ಲಿರುವುದು ಹೆಚ್ಚಿನಂಶ ನೀರು. ನೀರನ್ನು ರೈಲಿನಲ್ಲಿ ಹೇರಿ ಕಳುಹಿಸಿ ಬಾಡಿಗೆ ಯಾಕೆ ಕೊಡಬೇಕು? ಡಾರೆನ್ಸ್ ಸೂಪಿನ ನೀರಿನಂಶ ಕಡಿಮೆ ಮಾಡಿ ಅದನ್ನು ಗಟ್ಟಿಗೊಳಿಸಿದ. ಡಬ್ಬಿ ಚಿಕ್ಕದಾಯಿತು, ಬೆಲೆ ಹತ್ತು ಸೆಂಟಿಗೆ ಇಳಿಯಿತು. ಮನೆಯಲ್ಲಿ ನೀರು ಬೆರೆಸಿ ಕುಡಿಯಿರಿ ಎಂಬುದು ಮೊದಲ ಉಪದೇಶ. ಆದರೆ ದಿನಕ್ಕೆ ಎಷ್ಟು ಸೂಪ್ ಕುಡಿದಾರು? 1916ರಲ್ಲಿ ಕಂಪೆನಿ, ಅತಿಥಿಗಳನ್ನು ಸತ್ಕರಿಸುವ ಗೃಹಿಣಿಗೆ ನೆರವು ಎಂಬರ್ಥದ ಹೆಸರಿಟ್ಟು ಒಂದು ಪುಸ್ತಿಕೆ ಹಂಚಿತು. ಸೂಪನ್ನು ಬೇರೆ ಅಡುಗೆಗಳಿಗೆ ಹಾಕಬಹುದು ಎಂದು ಅದು ಹೇಳಿಕೊಟ್ಟಿತು. 1934ರಲ್ಲಿ ಅಣಬೆಯ ಕ್ರೀಂ ಸೂಪ್ ಬಂತು. ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಸುರಿದು, ಗಂಟಾಗದಂತೆ ಕೈ ಬಿಡದೆ ತಿರುವಿ ಮಾಡಬೇಕಾಗಿದ್ದ ಬಿಳಿ ಸಾಸಿನ ಕೆಲಸವನ್ನು ಆ ಡಬ್ಬಿ ಒಂದು ತಿರುವಿನಲ್ಲಿ ಮುಗಿಸುತ್ತಿತ್ತು.

ಇಷ್ಟು ಹೇಳಿದರೆ ಇದು ಕಂಪೆನಿಗಳ ಕಥೆ ಮಾತ್ರ ಎನಿಸೀತು. ಹಾಗಲ್ಲ. ಇದರಲ್ಲಿ ಹಸಿವಿದೆ, ಯುದ್ಧವಿದೆ. ಮೊದಲ ಮಹಾಯುದ್ಧದಲ್ಲಿ, 1917ರಿಂದ, ಹರ್ಬರ್ಟ್ ಹೂವರ್ ನೇತೃತ್ವದ ಆಹಾರ ಇಲಾಖೆ ವಾರದಲ್ಲಿ ಒಂದು ದಿನ ಮಾಂಸ ಬಿಡಿ, ಒಂದು ದಿನ ಗೋಧಿ ಬಿಡಿ ಎಂದು ಮನೆಮನೆಗೆ ಹೇಳಿಸಿತು. 1929ರ ನಂತರದ ಆರ್ಥಿಕ ಕುಸಿತದಲ್ಲಿ ಯಾರೂ ಹೇಳಬೇಕಾಗಿರಲಿಲ್ಲ, ಕೊಳ್ಳಲು ಕಾಸಿರಲಿಲ್ಲ. ಒಬ್ಬರಿಗೆ ಸಾಲುವ ಮಾಂಸವನ್ನು ಆರು ಜನರಿಗೆ ಹಂಚಬೇಕಾದಾಗ ಅದನ್ನು ಪುಡಿ ಮಾಡಿ ನೂಡಲ್ಸಿನಲ್ಲಿ ಬೆರೆಸುವುದೊಂದೇ ದಾರಿ. ಎರಡನೆಯ ಮಹಾಯುದ್ಧದಲ್ಲಿ, 1943ರ ಮಾರ್ಚ್‌ನಲ್ಲಿ, ಡಬ್ಬಿಯ ಆಹಾರವೂ ಮಾಂಸವೂ ಪಡಿತರಕ್ಕೆ ಬಂದವು. ಗಂಡಸರು ಯುದ್ಧಕ್ಕೆ, ಹೆಂಗಸರು ಕಾರ್ಖಾನೆಗೆ. ಸಂಜೆ ದಣಿದು ಬಂದವರು ಒಂದೇ ಪಾತ್ರೆಯಲ್ಲಿ ಇದ್ದಬದ್ದುದನ್ನೆಲ್ಲ ಹಾಕಿ ಓವನ್ನಿಗೆ ತಳ್ಳಿದರೆ ಅದನ್ನು ಸೋಮಾರಿತನ ಎನ್ನಲಾದೀತೇ?

ಮಿನ್ನೆಸೋಟದಲ್ಲಿ ಈ ಅಡುಗೆಗೆ ಹಾಟ್‌ಡಿಶ್ ಎಂದು ಹೆಸರು. ಆ ಹೆಸರಿನಲ್ಲಿ ಅಚ್ಚಾದ ಮೊದಲ ಪಾಕವಿಧಾನ ಎಂದು ಸಾಮಾನ್ಯವಾಗಿ ಹೇಳುವುದು 1930ರಲ್ಲಿ ಮ್ಯಾಂಕೇಟೊ ಪಟ್ಟಣದ ಗ್ರೇಸ್ ಲುಥೆರನ್ ಚರ್ಚಿನ ಮಹಿಳಾ ಸಂಘ ತಂದ ಪುಸ್ತಕದಲ್ಲಿರುವುದನ್ನು. ಖೀಮಾ, ಈರುಳ್ಳಿ, ಸೆಲೆರಿ, ಡಬ್ಬಿಯ ಬಟಾಣಿ, ಡಬ್ಬಿಯ ಸೂಪ್, ಮ್ಯಾಕರೋನಿ. ಇಂಥ ಪುಸ್ತಕಗಳ ಪರಂಪರೆ ಅಮೆರಿಕದ ಅಂತರ್ಯುದ್ಧದ ಕಾಲದ್ದು. ಗಾಯಗೊಂಡ ಸೈನಿಕರ ನೆರವಿಗೆ 1864ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಮೇಳಕ್ಕಾಗಿ ಮರಿಯಾ ಮಾಸ್ ಎಂಬಾಕೆ ಅಡುಗೆ ಪುಸ್ತಕ ಬರೆದುಕೊಟ್ಟರು. ಧರ್ಮಕಾರ್ಯಕ್ಕೆ ಹಣ ಕೂಡಿಸಲು ಅಡುಗೆ ಪುಸ್ತಕ ಮಾರುವ ಪದ್ಧತಿ ಅಲ್ಲಿಂದ ಬೆಳೆಯಿತು. ಚರ್ಚಿಗೆ ಸೂರು ಹಾಕಿಸಲು, ಶಾಲೆಗೆ ಬೆಂಚು ತರಿಸಲು ಹೆಂಗಸರು ತಮ್ಮ ತಮ್ಮ ಮನೆಯ ಅಡುಗೆಗಳನ್ನು ಬರೆದುಕೊಟ್ಟು ಅಚ್ಚು ಹಾಕಿಸಿ ಮಾರುತ್ತಿದ್ದರು. ಪ್ರತಿ ಪಾಕವಿಧಾನದ ಕೆಳಗೂ ಬರೆದವರ ಹೆಸರಿರುತ್ತಿತ್ತು. ಆದರೆ ಅದು ಬಹಳ ಸಲ ಗಂಡನ ಹೆಸರು, ಅದರ ಹಿಂದೆ ಶ್ರೀಮತಿ. ಅಡುಗೆ ಮಾಡಿದವಳ ಸ್ವಂತ ಹೆಸರು ಏನಿತ್ತೋ! ಪುಸ್ತಕಗಳು ಉಳಿದವು, ಹೆಸರುಗಳು ಉಳಿಯಲಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ಸಾವಿನ ಊಟ, ಮದುವೆಯ ಊಟ, ಭಾನುವಾರದ ಊಟ. ಎಲ್ಲರೂ ಒಂದೊಂದು ಪಾತ್ರೆ ತರುವುದು. ಆ ಪಾತ್ರೆಗಳು ಅದಲುಬದಲಾಗದಂತೆ ತಳಕ್ಕೆ ಟೇಪು ಅಂಟಿಸಿ ಅದರ ಮೇಲೆ ಮನೆತನದ ಹೆಸರು ಬರೆದಿರುತ್ತಾರೆ. ನಮ್ಮಲ್ಲಿ ಸ್ಟೀಲ್ ಪಾತ್ರೆಗೆ ಹೆಸರು ಕೆತ್ತಿಸುವುದು ಇದೇ ಕಾರಣಕ್ಕಲ್ಲವೇ? ಅಣಬೆಯ ಕ್ರೀಂ ಸೂಪಿಗೆ ಅಲ್ಲಿ ಲುಥೆರನ್ ಗೋಂದು ಎಂಬ ತಮಾಷೆಯ ಅಡ್ಡಹೆಸರೂ ಇದೆ. ಅಡುಗೆಯನ್ನೂ ಜನರನ್ನೂ ಒಟ್ಟಿಗೆ ಹಿಡಿದಿಟ್ಟದ್ದು ಅದೇ ಎಂಬ ಧ್ವನಿ.

ಈಗ ಈ ಚರಿತ್ರೆಯ ಅತ್ಯಂತ ಪ್ರಸಿದ್ಧ ಘಟನೆಗೆ ಬರೋಣ. 1955ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡನ್ ನಗರದಲ್ಲಿದ್ದ ಕ್ಯಾಂಪ್‌ಬೆಲ್ ಕಂಪೆನಿಯ ಪ್ರಯೋಗ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಎಂಬಾಕೆ ಕೆಲಸ ಮಾಡುತ್ತಿದ್ದರು. ಯಾವ ಗೃಹಿಣಿಯ ಕಪಾಟಿನಲ್ಲಾದರೂ ಇರುವ ಸಾಮಾನಿನಿಂದ ಒಂದು ಅಡುಗೆ ತಯಾರಿಸಬೇಕು ಎಂಬುದು ಅವರ ತಂಡಕ್ಕೆ ಒಪ್ಪಿಸಿದ ಕೆಲಸ. ಬೀನ್ಸ್, ಅಣಬೆಯ ಕ್ರೀಂ ಸೂಪ್, ಹಾಲು, ಸ್ವಲ್ಪ ಸೋಯಾ ಸಾಸ್, ಕರಿಮೆಣಸು, ಮೇಲೆ ಡಬ್ಬಿಯಲ್ಲಿ ಸಿಗುವ ಹುರಿದ ಈರುಳ್ಳಿ. ಆರು ಸಾಮಾನು ಅಷ್ಟೇ. ಹಸಿರು ಬೀನ್ಸ್ ಕ್ಯಾಸರೋಲ್ ಎಂದು ಅದು ಸೂಪ್ ಡಬ್ಬಿಯ ಲೇಬಲಿನ ಮೇಲೆ ಬಂತು. ಇವತ್ತು ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದಂದು ಅಮೆರಿಕದ ಕೋಟ್ಯಂತರ ಮನೆಗಳಲ್ಲಿ ಅದು ಇದ್ದೇ ಇರುತ್ತದೆ. ಆ ಸೂಪಿನ ಮಾರಾಟದಲ್ಲಿ ಶೇಕಡಾ 40ರಷ್ಟು ಈ ಒಂದು ಅಡುಗೆಗೇ ಹೋಗುತ್ತದೆ ಎಂದು ಕಂಪೆನಿಯೇ ಹೇಳಿಕೊಂಡಿದೆ. 2002ರಲ್ಲಿ ರೈಲಿಯವರ ಮೂಲ ಪಾಕವಿಧಾನದ ಕಾರ್ಡನ್ನು ಅಮೆರಿಕದ ಆವಿಷ್ಕಾರಕರ ಸಂಗ್ರಹಾಲಯಕ್ಕೆ ಒಪ್ಪಿಸಲಾಯಿತು. ರೈಲಿ 2018ರಲ್ಲಿ ತಮ್ಮ 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ವಯಸ್ಸಾದ ಮೇಲೆ ಪತ್ರಕರ್ತರು ಹೋಗಿ ಆ ದಿನದ ಬಗ್ಗೆ ಕೇಳಿದಾಗ, ಅದನ್ನು ಮಾಡಿದ ನೆನಪೇ ತಮಗಿಲ್ಲ ಎಂದಿದ್ದರು. ನೂರಾರು ಪಾಕವಿಧಾನಗಳಲ್ಲಿ ಅದೂ ಒಂದಾಗಿತ್ತು.

ಒಬ್ಬಳಿಗೆ ನೆನಪೇ ಇಲ್ಲದ ಅಡುಗೆ ಕೋಟ್ಯಂತರ ಜನರಿಗೆ ಅಮ್ಮನ ನೆನಪಾಯಿತು!

ಹಾಗಾದರೆ ಆ ನೆನಪು ಸುಳ್ಳೇ? ಅಜ್ಜಿಯ ಕೈರುಚಿ ಎಂದು ಕಣ್ಣು ತುಂಬಿಕೊಳ್ಳುವವರು ಜಾಹೀರಾತಿಗೆ ಮೋಸಹೋದವರೇ? ಹಾಗೆಂದು ನಗುವುದು ಸುಲಭ. ಆಹಾರದ ಚರಿತ್ರೆ ಬರೆದ ಲಾರಾ ಶಪಿರೊ 2004ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬೇರೊಂದು ಸಂಗತಿಯನ್ನು ತೋರಿಸಿಕೊಟ್ಟಿದ್ದಾರೆ. 1950ರ ದಶಕದಲ್ಲಿ ಕಂಪೆನಿಗಳು ಡಬ್ಬಿ, ಪೊಟ್ಟಣಗಳ ಅಡುಗೆಯನ್ನು ಎಷ್ಟೇ ಒತ್ತಿ ಹೇಳಿದರೂ ಹೆಂಗಸರು ಅದನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ಕೆಲವನ್ನು ತೆಗೆದುಕೊಂಡರು, ಬಹಳಷ್ಟನ್ನು ಬಿಟ್ಟರು. ಯಾವುದು ಸೇರಿತೋ ಅದು ಮಾತ್ರ ಉಳಿಯಿತು. ಅದಕ್ಕೂ ಪ್ರತಿ ಮನೆಯವರು ತಮ್ಮದೊಂದು ಸೇರಿಸಿದರು. ಒಬ್ಬರು ಮೇಲೆ ಆಲೂಗಡ್ಡೆ ಚಿಪ್ಸ್ ಪುಡಿ ಮಾಡಿ ಉದುರಿಸಿದರು, ಇನ್ನೊಬ್ಬರು ಬಿಸ್ಕತ್ತಿನ ಪುಡಿ. ಒರೆಗಾನ್ ಮತ್ತು ಇಡಾಹೊ ಗಡಿಯಲ್ಲಿ ಗ್ರಿಗ್ ಸಹೋದರರ ಕಾರ್ಖಾನೆಯಲ್ಲಿ ಆಲೂಗಡ್ಡೆ ಕತ್ತರಿಸಿದ ಮೇಲೆ ಉಳಿಯುತ್ತಿದ್ದ ಚೂರುಗಳು ದನದ ಮೇವಾಗುತ್ತಿದ್ದವು. 1953ರಲ್ಲಿ ಅವರು ಆ ಚೂರುಗಳನ್ನೇ ಒತ್ತಿ, ಕರಿದು ಸಣ್ಣ ಉಂಡೆಗಳನ್ನು ಮಾಡಿದರು. 1956ರಿಂದ ಅವು ಟೇಟರ್ ಟಾಟ್ ಎಂಬ ಹೆಸರಲ್ಲಿ ಅಂಗಡಿಗೆ ಬಂದವು. ಮಿನ್ನೆಸೋಟದ ಹಾಟ್‌ಡಿಶ್‌ನ ಮೇಲೆ ಇವತ್ತು ಸಾಲಾಗಿ ಕೂರುವುದು ಅವೇ. ನಮ್ಮ ಅಡುಗೆಮನೆಗಳ ಡಾಲ್ಡಾವನ್ನು ನೆನಪಿಸಿಕೊಳ್ಳಿ. ಅದೂ ಕಾರ್ಖಾನೆಯಿಂದ ಬಂದದ್ದೇ. ಆದರೂ ಹಬ್ಬದ ದಿನ ಅಮ್ಮ ಡಾಲ್ಡಾ ಡಬ್ಬಿ ತೆರೆದಾಗ ಬಂದ ವಾಸನೆ ಅಮ್ಮನದೇ ಎಂದು ಎಷ್ಟು ಜನರಿಗೆ ಅನಿಸುವುದಿಲ್ಲ?

ಕ್ಯಾಸರೋಲನ್ನು ಮೂದಲಿಸಿದವರು ಮೊದಲು ಹುಟ್ಟಿದ್ದು ಅದೇ ದೇಶದಲ್ಲಿ. 1961ರಲ್ಲಿ ಜೂಲಿಯಾ ಚೈಲ್ಡ್ ಮತ್ತು ಆಕೆಯ ಇಬ್ಬರು ಫ್ರೆಂಚ್ ಗೆಳತಿಯರ ದೊಡ್ಡ ಅಡುಗೆ ಪುಸ್ತಕ ಬಂತು. 1963ರಿಂದ ಆಕೆ ಟಿವಿಯಲ್ಲಿ ಫ್ರೆಂಚ್ ಅಡುಗೆ ಕಲಿಸತೊಡಗಿದರು. ನಗರಗಳ ಓದಿದ ವರ್ಗದ ನಾಲಗೆ ಬದಲಾಯಿತು. ಡಬ್ಬಿಯ ಸೂಪ್ ಹಾಕುವುದು ಹಳ್ಳಿಗರ, ಕೂಲಿಕಾರರ, ಚರ್ಚಿನ ಮುದುಕಿಯರ ಕೆಲಸ ಎನಿಸಿಕೊಂಡಿತು. ಗೆಳೆಯರನ್ನು ಊಟಕ್ಕೆ ಕರೆದವರು ತಾಯಿಯ ಅಡುಗೆಯನ್ನು ಮೇಜಿಗಿಡಲು ನಾಚಿದರು. ಇದರಲ್ಲಿ ರುಚಿಯ ಪ್ರಶ್ನೆಗಿಂತ ಅಂತಸ್ತಿನ ಪ್ರಶ್ನೆ ಹೆಚ್ಚು ಎಂದು ನನಗನಿಸುತ್ತದೆ. ಕಾಲ ತಿರುಗಿತು. 2011ರಲ್ಲಿ ಮಿನ್ನೆಸೋಟದ ಸೆನೆಟರ್ ಆಲ್ ಫ್ರಾಂಕೆನ್ ತಮ್ಮ ರಾಜ್ಯದ ಸಂಸದರ ನಡುವೆ ಹಾಟ್‌ಡಿಶ್ ಸ್ಪರ್ಧೆಯನ್ನೇ ಶುರುಮಾಡಿದರು. ಮೊದಲ ವರ್ಷ ಸೆನೆಟರ್ ಏಮಿ ಕ್ಲೋಬುಶರ್ ಗೆದ್ದರು.

ಆದರೆ ನಾಚಿಕೆ ಹೋದರೂ ಇನ್ನೊಂದು ತೊಡಕು ಉಳಿಯುತ್ತದೆ. ಅದು ಈ ಅಡುಗೆಯ ಸ್ವಭಾವದಲ್ಲೇ ಇದೆ. ನಮ್ಮ ತಟ್ಟೆಯಲ್ಲಿ ಅನ್ನ ಒಂದು ಕಡೆ, ಸಾರು ಒಂದು ಕಡೆ, ಪಲ್ಯ ಒಂದು ಕಡೆ. ಬೇಡದ್ದನ್ನು ಬದಿಗೆ ಸರಿಸಿ ಉಳಿದದ್ದನ್ನು ಉಂಡು ಏಳಬಹುದು; ಕರೆದವರಿಗೂ ನೋವಿಲ್ಲ, ಉಂಡವರಿಗೂ ಸಂಕೋಚವಿಲ್ಲ. ಕ್ಯಾಸರೋಲಿನಲ್ಲಿ ಎಲ್ಲವೂ ಬೆರೆತು, ಅಂಟಿ, ಒಂದಾಗಿ ಬೆಂದಿರುತ್ತದೆ. ಒಂದು ಸಾಮಾನು ಬೇಡವೆಂದರೆ ಇಡೀ ಪಾತ್ರೆ ಬೇಡವೆಂದಂತೆ. ಬಡತನದಲ್ಲಿ ಎಲ್ಲರಿಗೂ ಸಮನಾಗಿ ಮುಟ್ಟಲಿ ಎಂದು ಬೆರೆಸಿದ್ದೇ, ನಂಬಿಕೆ ಮತ್ತು ರುಚಿ ಬೇರೆಯಿರುವ ಅತಿಥಿ ಬಂದಾಗ ಗೋಡೆಯಾಗುತ್ತದೆ.

ಒಂದು ಉದಾಹರಣೆ ಸಾಕು. ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಸಿಹಿಗೆಣಸಿನ ಕ್ಯಾಸರೋಲ್ ಇರುತ್ತದೆ. ಬೇಯಿಸಿದ ಗೆಣಸು, ಸಕ್ಕರೆ, ಬೆಣ್ಣೆ; ಇದರಲ್ಲಿ ಯಾರಿಗೂ ಏನೂ ಆಕ್ಷೇಪವಿರಬಾರದು. ಆದರೆ ಮೇಲೆ ಮಾರ್ಷ್‌ಮೆಲ್ಲೊ ಎಂಬ ಬಿಳಿ ಮಿಠಾಯಿಯ ಪದರವಿರುತ್ತದೆ. ಇದೂ ಒಂದು ಕಂಪೆನಿಯ ಕೊಡುಗೆ. 1917ರಲ್ಲಿ ಮಾರ್ಷ್‌ಮೆಲ್ಲೊ ತಯಾರಕರೊಬ್ಬರು ಜಾನೆಟ್ ಹಿಲ್ ಎಂಬ ಹೆಸರಾಂತ ಪಾಕಶಾಸ್ತ್ರಜ್ಞೆಯಿಂದ ಬರೆಸಿ ಹಂಚಿದ ಪುಸ್ತಿಕೆಯಿಂದ ಜನಪ್ರಿಯವಾದದ್ದು. ಆ ಮಿಠಾಯಿಯನ್ನು ಹಿಡಿದಿಡುವುದು ಜೆಲಟಿನ್. ಅಮೆರಿಕದಲ್ಲಿ ಅದು ಸಾಮಾನ್ಯವಾಗಿ ಹಂದಿಯ ಚರ್ಮದಿಂದ ಬರುತ್ತದೆ. ಮುಸ್ಲಿಮರು, ಯೆಹೂದಿಗಳು, ಸಸ್ಯಾಹಾರಿ ಹಿಂದೂಗಳು, ಜೈನರು ಎಲ್ಲರೂ ಒಂದೇ ಗೆಣಸಿನ ಮುಂದೆ ಕೈ ಕಟ್ಟಿ ಕೂರಬೇಕಾಗುತ್ತದೆ. 1965ರಲ್ಲಿ ವಲಸೆ ಕಾನೂನು ಬದಲಾದ ಮೇಲೆ ಕರ್ನಾಟಕದಿಂದ ಅಮೆರಿಕಕ್ಕೆ ಹೋದ ವೈದ್ಯರು, ಎಂಜಿನಿಯರರು ಇಂಥ ಮೇಜುಗಳ ಮುಂದೆ ಕುಳಿತವರೇ. ತಿಂದರೆ ಮನಸ್ಸಿಗೆ ಕಷ್ಟ, ತಿನ್ನದಿದ್ದರೆ ಕರೆದವರ ಮುಖ ಬಾಡುತ್ತದೆ. "ಹೊಟ್ಟೆ ಸರಿಯಿಲ್ಲ" ಎಂಬ ಸುಳ್ಳು ಎಷ್ಟು ಮೇಜುಗಳಲ್ಲಿ ಹುಟ್ಟಿತೋ.

ಅಕ್ಕನ ಮಗಳು ಸುಳ್ಳು ಹೇಳಲಿಲ್ಲ. ಪಟ್ಟಿ ಕೊಟ್ಟಳು. ಅಜ್ಜಿ ತಮ್ಮ ತಾಯಿಯ ಕೈಬರಹದ ಕಾರ್ಡನ್ನು ತೆಗೆದು ಇಬ್ಬರೂ ಕುಳಿತು ಓದಿದರು. ಎರಡನೆಯ ಸಾಲಿನಲ್ಲೇ ಒಂದು ಡಬ್ಬಿ ಅಣಬೆ ಸೂಪ್ ಎಂದಿತ್ತು. ಹುಡುಗ ಅಣಬೆ ತಿನ್ನುವುದಿಲ್ಲ. ಹಾಗಾಗಿ ಡಬ್ಬಿ ಹೋಯಿತು. ಮೈದಾ, ಬೆಣ್ಣೆ, ಹಾಲಿನಿಂದ ಬಿಳಿ ಸಾಸು ಮಾಡಬಹುದಲ್ಲ ಎಂದರು ಅಜ್ಜಿ. ತಾಯಿಯ ತಾಯಿ ಹಾಗೆ ಮಾಡುತ್ತಿದ್ದುದನ್ನು ಅವರು ನೋಡಿದ್ದರು. ಈರುಳ್ಳಿಯನ್ನು ತುರಿದು ಹಾಕುವುದೆಂದಾಯಿತು. ಚೀಸನ್ನು ಅರ್ಧಕ್ಕೆ ಮಾತ್ರ. ಖೀಮಾಕ್ಕೆ ಸೊಮಾಲಿಯಾದವರ ಅಂಗಡಿಗೆ ಹೋದರು. 1991ರಲ್ಲಿ ಸೊಮಾಲಿಯಾದ ಸರಕಾರ ಕುಸಿದ ನಂತರ ನಿರಾಶ್ರಿತರಾಗಿ ಬಂದ ಆ ಜನ ಅಮೆರಿಕದಲ್ಲಿ ಅತಿ ಹೆಚ್ಚಾಗಿ ನೆಲೆಸಿರುವುದು ಮಿನ್ನೆಸೋಟದಲ್ಲಿ. ಹಲಾಲ್ ಮಾಂಸದ ಅಂಗಡಿ ದೂರವಿರಲಿಲ್ಲ. ಎಂಬತ್ತು ವರ್ಷ ಅದೇ ರಾಜ್ಯದಲ್ಲಿ ಬಾಳಿದ ಅಜ್ಜಿ ಆ ಅಂಗಡಿಯೊಳಗೆ ಕಾಲಿಟ್ಟದ್ದು ಅದೇ ಮೊದಲಂತೆ.

ಒಂದು ದೊಡ್ಡ ಪಾತ್ರೆಯ ಬದಲು ಎರಡು ಚಿಕ್ಕ ಪಾತ್ರೆಗಳಲ್ಲಿ ಅಡುಗೆ ಬಂತು. ಹುಡುಗ ಎರಡು ಸಲ ಹಾಕಿಸಿಕೊಂಡ. ಅಜ್ಜಿಯೂ ಅವರೊಂದಿಗೆ ಕುಳಿತು ಉಂಡರು. ಚೆನ್ನಾಗಿದೆ, ಆದರೆ ಇದು ನನ್ನ ಅಮ್ಮನದರ ಹಾಗಿಲ್ಲ ಎಂದರಂತೆ. ಏನು ಕಡಿಮೆಯಾಯಿತು ಎಂದು ಕೇಳಿದರೆ ಸ್ವಲ್ಪ ಹೊತ್ತು ಯೋಚಿಸಿ, ಆ ಡಬ್ಬಿಯ ಉಪ್ಪು ಎಂದರು. ತಮ್ಮ ಪಾಲಿಗೆಂದು ಮನೆಯಲ್ಲಿ ಹಳೆಯ ಬಗೆಯದನ್ನು ಒಂದು ಬಟ್ಟಲಿನಷ್ಟು ಮಾಡಿಟ್ಟಿದ್ದರೆಂದು ಆಮೇಲೆ ಗೊತ್ತಾಯಿತು.

ಪಾತ್ರೆಗಳನ್ನು ಖಾಲಿ ಹಿಂತಿರುಗಿಸುವುದು ನಮ್ಮಲ್ಲೂ ಇಲ್ಲ, ಅಲ್ಲೂ ಇಲ್ಲ. ತೊಳೆಯುವಾಗ ತಳದ ಟೇಪು ಕಿತ್ತುಹೋಗದಂತೆ ಇವಳು ಜಾಗ್ರತೆ ವಹಿಸಿದಳು. ಒಂದರಲ್ಲಿ ತುಪ್ಪದ ಅನ್ನ, ಇನ್ನೊಂದರಲ್ಲಿ ಕೋಳಿ ಸಾರು ತುಂಬಿಸಿ ಕೊಟ್ಟು ಬಂದಳಂತೆ. ಅಜ್ಜಿಗೆ ಖಾರ ಆಗದು. ಮೆಣಸು ಹಾಕದೆ, ತೆಂಗಿನ ಹಾಲು ಹೆಚ್ಚು ಸುರಿದು ಸಾರು ಮಾಡಿದ್ದಳು.

"ಅದನ್ನು ಮಾತ್ರ ಅಮ್ಮನಿಗೆ ಹೇಳಬೇಡಿ ಮಾಮಾ" ಎಂದಳು.